ಕರ್ನಲ್ ಮಲಗಿದ್ದ ರನ್‌ವೇ

ಮೂರು ಕೋಣಗಳಲ್ಲಿ ತಪ್ಪಿತಸ್ಥ ಕೋಣ ಯಾವುದೆಂದು ಗುರುತು ಹಿಡಿಯಲು ಕ್ಯಾಪ್ಟನ್ ತಿಯೊದುಲೋ ಕತಾಲ್ಬಾಸ್ ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಬರಂಗಾಯ್ ಚಾವಡಿಗೆ ಹಾಜರಾಗತಕ್ಕದ್ದು ಎಂಬ ಚೀಟಿ ಹಿಂದಿನ ಸಂಜೆಯೇ ಬಂದು, ಫ್ರಿಜ್ಜಿನ ಬಾಗಿಲ ಮೇಲೆ, ಅನಾನಸ್ ಆಕಾರದ ಅಯಸ್ಕಾಂತದ ಕೆಳಗೆ ಸಿಕ್ಕಿಕೊಂಡಿತ್ತು. ದುಲೋ ಅದನ್ನು ನಾಲ್ಕು ಸಲ ಓದಿದ್ದ. ಇದು ಇನ್ನೊಬ್ಬ ಕ್ಯಾಪ್ಟನ್ನಿಗೆ ಬಂದದ್ದಿರಬಹುದು ಎಂದು ಪ್ರತಿಸಲವೂ ಒಂದು ಚೂರು ಆಸೆ ಹುಟ್ಟುತ್ತಿತ್ತು. ಆ ಬರಂಗಾಯಿನಲ್ಲಿ ಕ್ಯಾಪ್ ಎಂದು ಕರೆಸಿಕೊಳ್ಳುವವರು ಇಬ್ಬರು. ಆಕಾಶಕ್ಕೆ ಇವನು, ನೆಲಕ್ಕೆ ಬರಂಗಾಯಿನ ಕ್ಯಾಪ್ಟನ್, ಎಂದರೆ ಆ ಹಳ್ಳಿಯ ಯಜಮಾನಿ, ಹೆರ್ಮೊಹೆನಾ. ಆದರೆ ಚೀಟಿಗೆ ಸಹಿ ಹಾಕಿದ್ದವಳು ಹೆರ್ಮೊಹೆನಾಳೇ. ಆಕೆ ತನಗೆ ತಾನೇ ಚೀಟಿ ಕಳಿಸಿಕೊಳ್ಳುವಷ್ಟು ಮರೆವಿನವಳಲ್ಲ. ಮರೆವು ಏನಿದ್ದರೂ ತನ್ನದು ಎಂದುಕೊಳ್ಳುತ್ತ ಅವನು ಹಾಸಿಗೆಯಿಂದ ಕಾಲು ಇಳಿಸಿ, ಎಡಗಾಲನ್ನು ಬಲಗಾಲಿನ ಚಪ್ಪಲಿಗೆ ತೂರಿಸಿ, ನಾಲ್ಕು ಹೆಜ್ಜೆ ನಡೆದು, ನಿಂತ. ಐವತ್ತನಾಲ್ಕು ವರ್ಷ ತಪ್ಪದೆ ತಮ್ಮ ತಮ್ಮ ಚಪ್ಪಲಿ ಹುಡುಕಿಕೊಂಡ ಕಾಲುಗಳು ನಿನ್ನೆಯಿಂದ ಅಪ್ಪಣೆ ಕೇಳಲು ಶುರುಮಾಡಿದ್ದವು. ಬಚ್ಚಲಿನ ಬಾಗಿಲ ಎದುರು ನಿಂತು, ಇದು ಬಚ್ಚಲೇ ಹೌದೇ ಎಂದು ಒಂದು ಕ್ಷಣ ಯೋಚಿಸಿದ. ಒಳಗೆ ಕೊಡ, ತಂಬಿಗೆ, ಲಿಟಾಳ ಗುಲಾಬಿ ಸೋಪು. ಹೌದು, ಬಚ್ಚಲು. ಇಳಿಯಬಹುದು.

ಅಡುಗೆಮನೆಯಲ್ಲಿ ಲಿಟಾ ಬೆಳ್ಳುಳ್ಳಿ ಅನ್ನ ಬಾಡಿಸುತ್ತಿದ್ದಳು. ಗಂಡ ಬಂದು ಕೂತದ್ದನ್ನು ಬೆನ್ನಿನಲ್ಲೇ ಗುರುತಿಸಿ, ಸೌಟನ್ನು ಬಾಯ ಹತ್ತಿರ ಹಿಡಿದು, ಗಂಟಲನ್ನು ಹೊಟ್ಟೆಗಿಳಿಸಿ, ಮೂಗಿನಲ್ಲಿ ಒಂದಿಷ್ಟು ಜೇನು ಸವರಿ ಆರಂಭಿಸಿದಳು. "ಮಾ...ನ್ಯ ಪ್ರಯಾಣಿಕರೇ, ನಿಮ್ಮ ಕ್ಯಾಪ್ಟನ್ ಮಾತಾಡುತ್ತಿರುವುದು. ತಟ್ಟೆಯ ಮೇಲೆ ಒಂದು ಒಣಮೀನು ವಿಶ್ರಮಿಸುತ್ತಿರುವ ಕಾರಣ ಅನ್ನವು ಒಂದು ಸುತ್ತು ಹಾಕಿ ಬರಲಿದೆ."

"ಲಿಟಾ, ಸಾಕು."

"ಮೀನಿಗೂ ನಿಮಗೂ ಆದ ಅನಾನುಕೂಲಕ್ಕೆ ವಿಷಾದಿಸುತ್ತೇವೆ." ಅವಳು ತಟ್ಟೆ ಇಟ್ಟಳು. "ಯಾವ ಕೋಣ ಅಂತ ಹೇಳ್ತೀಯ?"

"ನೋಡಿ ಹೇಳ್ತೀನಿ."

"ನೋಡಿ ಹೇಳು. ಎರಡು ಸಲ ನೋಡಿ ಹೇಳು, ದುಲೋ."

ಆ ಎರಡು ಸಲ ಎಂಬುದಕ್ಕೆ ದುಲೋ ಮೀನು ಮುರಿಯುವುದನ್ನು ಬಿಟ್ಟು ತಲೆಯೆತ್ತಿದ. ಆದರೆ ಅವಳು ಆಗಲೇ ತಿರುಗಿ ವಿನೆಗರ್ ಬಾಟಲಿ ಹುಡುಕುತ್ತಿದ್ದಳು. ಅವಳಿಗೆ ಗೊತ್ತಿಲ್ಲ, ಗೊತ್ತಿರಲು ಸಾಧ್ಯವಿಲ್ಲ ಎಂದು ದುಲೋ ಅನ್ನ ಕಲಸಿದ. ಗೊತ್ತಿರುವವರು ಜಗತ್ತಿನಲ್ಲಿ ಇಬ್ಬರೇ: ತಾನು ಮತ್ತು ಕೋಪೈಲಟ್ ಕ್ರಿಸ್‌ಮೇ. ಮೂರನೆಯದಾಗಿ ಕೋಣವನ್ನು ಸೇರಿಸುವುದಾದರೆ ಮೂವರು. ಲಿಟಾ ಅಣಕಿಸಿದ ಅವನ ಆ ಜೇನುದನಿ ಊರಿಗೆಲ್ಲ ಪರಿಚಿತ. ಮನೀಲಾದಿಂದ ಬರುವ ಬೆಳಗಿನ ವಿಮಾನ ಇಳಿಯುವ ಮುಂಚೆ ಅದನ್ನು ಕೇಳಿಯೇ ಹೆಂಗಸರು ಮಕ್ಕಳಿಗೆ ಬೆಲ್ಟು ಬಿಗಿಯುತ್ತಿದ್ದರು, ಮುದುಕರು ಪ್ರಾರ್ಥನೆಯ ಮಣಿಗಳನ್ನು ಜೇಬಿಗೆ ಹಾಕುತ್ತಿದ್ದರು. ಆ ದನಿಯಲ್ಲಿ ಏನು ಹೇಳಿದರೂ ಜನ ನಂಬುತ್ತಾರೆ ಎಂಬುದು ಅವನ ಹೆಮ್ಮೆ. ನಿನ್ನೆ ಹತ್ತು ಗಂಟೆಯಿಂದ ಅದೇ ಅವನ ಸಂಕಟ. ರನ್‌ವೇ ಮೇಲೆ ಕೋಣ ವಿಶ್ರಮಿಸುತ್ತಿರುವ ಕಾರಣ ವಿಮಾನ ಒಂದು ಸುತ್ತು ಹಾಕಿ ಬರಲಿದೆ ಎಂದು ಅವನು ಸಾರಿದ್ದನ್ನು ಯಾರೋ ಪ್ರಯಾಣಿಕ ಫೋನಿನಲ್ಲಿ ಹಿಡಿದುಕೊಂಡಿದ್ದ. ಮಧ್ಯಾಹ್ನದೊಳಗೆ ಬೇಕರಿಯವಳು ಬನ್ನು ಮುಗಿದದ್ದನ್ನು ಆ ದನಿಯಲ್ಲೇ ಸಾರುತ್ತಿದ್ದಳು. ಸಂಜೆ ಚರ್ಚಿನಲ್ಲಿ ಪಾದ್ರಿಯೂ ಕೂಡ ಮೈಕಿನ ಎದುರು ಬಂದು "ಮಾ..." ಎಂದು, ಕೆಮ್ಮಿ, ಬೇರೆ ಏನೋ ಹೇಳಿದಂತೆ ಮಾಡಿದ್ದರು.

ಎಡಕ್ಕೆ ನದಿ. ಹನ್ನೊಂದು ವರ್ಷದಿಂದ, ವಿಮಾನ ಇಳಿಸುವಾಗ, ಎಡಕ್ಕೆ ನದಿ. ಅದಕ್ಕೆ ಮುಂಚೆ ಹದಿನೇಳು ವರ್ಷ ಬಲಕ್ಕೆ ನದಿ. ಆಚೆ ದಡದಲ್ಲಿ ಹೊಸ ವಿಮಾನ ನಿಲ್ದಾಣ ಕಟ್ಟಿದವರು ಹಳೆಯದರ ಪಕ್ಕಕ್ಕೇ, ನಾಲ್ಕು ಕಿಲೋಮೀಟರ್ ದೂರದಲ್ಲಿ, ಅದೇ ದಿಕ್ಕಿಗೆ ಮುಖಮಾಡಿ, ಅಷ್ಟೇ ಉದ್ದದ ರನ್‌ವೇ ಎಳೆದಿದ್ದರು. ಒಂದು ಮನೆಯ ಅಕ್ಕತಂಗಿಯರನ್ನು ಒಂದೇ ಲಂಗ ಹಾಕಿಸಿ ಎದುರಿಗೆ ನಿಲ್ಲಿಸಿದಂತೆ. ನಿನ್ನೆ ಆಚೆ ದಡದ ಮೇಲೆ ಒಂದು ಕಪ್ಪು ಮಳೆ ನಿಂತಿತ್ತು. ಈಚೆ ದಡದಲ್ಲಿ ಬಿಸಿಲು. ಬಿಸಿಲಿನಲ್ಲಿ, ವಿಮಾನಗಳು ಬಿಟ್ಟುಹೋದ ಹಳೆಯ ರನ್‌ವೇ ಹೊಸ ಕಾಂಕ್ರೀಟಿನ ಹಾಗೆ ಹೊಳೆಯುತ್ತಿತ್ತು, ಯಾಕೆಂದರೆ ಅದರ ಮೈತುಂಬ ಭತ್ತ ಒಣಹಾಕಿದ್ದರು. ಹೊಸದು ಮಳೆಯಲ್ಲಿ ನೆಂದು ಹಳೆಯದಾಗಿ ಎಲ್ಲೋ ಅಡಗಿತ್ತು. ದಾರಿ ತೋರಿಸುವ ಯಂತ್ರವನ್ನು ಅವನೇ ಬಂದ್ ಮಾಡಿದ್ದ. ಮನೆಗೆ ಹೋಗುವವನಿಗೆ ದಾರಿ ಹೇಳುವ ಪೆಟ್ಟಿಗೆ ಯಾಕೆ? ಕೈ ತಾನಾಗಿಯೇ ತಿರುಗಿಸಿತು. ಕೈಯನ್ನು ಹೇಗೆ ಬೈಯುವುದು. ಹದಿನೇಳು ವರ್ಷ ಅದು ತಿರುಗಿಸಿದ್ದು ಆ ಹಳೆಯದಕ್ಕೇ. ಬಲಗಡೆಯ ಕುರ್ಚಿಯಲ್ಲಿದ್ದ ಕ್ರಿಸ್‌ಮೇ, ಇಪ್ಪತ್ತೇಳರ ಹುಡುಗಿ, ಕ್ಯಾಪ್ಟನ್ ಸೀನಿದರೂ ಥ್ಯಾಂಕ್ಯೂ ಸರ್ ಎನ್ನುವಷ್ಟು ಮರ್ಯಾದಸ್ಥೆ, ಮೊದಲು ಸ್ವಲ್ಪ ಅಲುಗಾಡಿದಳು.

"ಸರ್, ಇವತ್ತು ನದಿ ಬಲಗಡೆ ಕಾಣ್ತಿದೆ ಸರ್."

"ಹೂಂ. ಚೆನ್ನಾಗಿ ಕಾಣ್ತಿದೆ."

ಅವಳು ಕಿಟಕಿಯಿಂದ ಇನ್ನೊಮ್ಮೆ ಕೆಳಗೆ ನೋಡಿದಳು. "ತುಂಬ ಚೆನ್ನಾಗಿದೆ ಸರ್. ಆದ್ರೆ ಬಲಗಡೆ, ಸರ್."

"ನಿನ್ನ ಕಡೆಗೇ ಬಂದಿದೆ ನೋಡು. ಅದೃಷ್ಟವಂತೆ ನೀನು."

ಈಗ ಮೀನಿನ ಮೇಲೆ ವಿನೆಗರ್ ಸುರಿಯುತ್ತಿದ್ದಾಗ ಆ ಮಾತು ಅವನ ಕಿವಿಯಲ್ಲಿ ಜೇನುದನಿಯಲ್ಲೇ ಮೊಳಗಿತು, ಅದೃಷ್ಟವಂತೆ ನೀನು. ಒಬ್ಬ ಮನುಷ್ಯ ಎಪ್ಪತ್ತೆರಡು ಜನರನ್ನು ಹೊತ್ತುಕೊಂಡು ಭತ್ತದ ಮೇಲೆ ಇಳಿಯುತ್ತ ಇಂಥ ಮಾತಾಡಬಲ್ಲನೇ? ಬಲ್ಲ. ಮುಂದಿನ ತಿಂಗಳಿಂದ ಇತರ ಪೈಲಟ್‌ಗಳನ್ನು ಪರೀಕ್ಷೆ ಮಾಡುವ ಹುದ್ದೆಗೆ ಅವನ ಹೆಸರು ಹೋಗಿತ್ತು. ಸೂಟು ಹೊಲಿಸಲು ಲಿಟಾ ಅಳತೆ ತೆಗೆದಿದ್ದಳು. ನಿನ್ನೆ ವಿಮಾನ ಮುನ್ನೂರು ಅಡಿಗೆ ಇಳಿದಾಗ ರನ್‌ವೇಯ ನಡುಗೆರೆ ನಿಂತಲ್ಲಿಂದ ಮೇಲೆ ನೋಡಿತು. ಅದು ಗೆರೆಯಲ್ಲ. ಭತ್ತ ತಿರುವಲೆಂದು ಬರಿಗಾಲನ್ನು ಎಳೆದುಕೊಂಡು ಹೋಗುತ್ತಿದ್ದ ಯಾರೋ ಒಬ್ಬರ ಹಿಂದೆ ಮೂಡಿದ್ದ ನೇರವಾದ ಸಾಲು. ಸಾಲಿನ ತುದಿಯಲ್ಲಿ ಟೋಪಿ ಹಾಕಿದ ತಲೆ. ಅದರಾಚೆ, ಸಾಲಿಗೆ ಸರಿಯಾಗಿ, ಒಂದು ಕಪ್ಪು ರಾಶಿ. ರಾಶಿ ಕೂಡ ತಲೆಯೆತ್ತಿತು, ಅದರ ಒಂದು ಕೊಂಬು ಆಕಾಶಕ್ಕೆ, ಇನ್ನೊಂದು ಭೂಮಿಗೆ. ಆಮೇಲೆ ಎಂಜಿನ್ನುಗಳ ಗರ್ಜನೆ, ವಿಮಾನದ ಮೂಗು ಮೇಲಕ್ಕೆ. ಮಳೆಯ ಹಿಂದಿನಿಂದ ಕಂಟ್ರೋಲ್ ಟವರಿನವನ ದನಿ, ಎಲ್ಲಿದೀರಿ, ನನಗೆ ಕಾಣ್ತಿಲ್ಲ, ಯಾಕೆ ಮೇಲೆ ಹೋಗ್ತಿದೀರಿ ಎಂದು. ಅವನ ಬಾಯಿ ಕಂಡದ್ದನ್ನು ಹೇಳಿಬಿಟ್ಟಿತು: ರನ್‌ವೇ ಮೇಲೆ ಕೋಣ. ಸುಳ್ಳೆಲ್ಲಿ ಬಂತು? ರನ್‌ವೇ ಇತ್ತು. ಮೇಲೆ ಕೋಣ ಇತ್ತು. ಬಿಟ್ಟುಹೋದದ್ದು ಯಾವ ಎಂಬ ಒಂದು ಪುಟ್ಟ ವಿವರ. ಸುತ್ತು ಹಾಕಿ ಹೊಸದರ ಮೇಲೆ ಇಳಿದ ಬಳಿಕ ವರದಿಯಲ್ಲೂ ಅದನ್ನೇ ಬರೆದ. ಕ್ರಿಸ್‌ಮೇ ಕೆಳಗೆ ಸಹಿ ಹಾಕಿದಳು, ಪೆನ್ನು ಬರೆಯುತ್ತಿಲ್ಲವೆಂದು ಎರಡು ಸಲ ಕೊಡವಿ.

ಆದರೆ ಕೋಣ ಅಲ್ಲಿಗೆ ಬಿಡಲಿಲ್ಲ. ಎಂಜಿನ್ನಿನ ಸದ್ದಿಗೆ ಹಗ್ಗ ಕಿತ್ತುಕೊಂಡು, ಬಾಳೆತೋಟ ನುಗ್ಗಿ, ನದಿ ಈಜಿ, ಮಧ್ಯಾಹ್ನದ ಹೊತ್ತಿಗೆ ಹೊಸ ನಿಲ್ದಾಣದ ಬೇಲಿಯ ಹತ್ತಿರ ಹೋಗಿ ಹುಲ್ಲು ಮೇಯುತ್ತ ನಿಂತಿತ್ತು. ರನ್‌ವೇ ಮೇಲೆ ಬಂದ ಕೋಣವನ್ನು ಹುಡುಕುತ್ತಿದ್ದ ಭದ್ರತೆಯವರು ಅದನ್ನೂ, ಹುರುಪಿಗೆ ಇನ್ನೆರಡನ್ನೂ, ಹಿಡಿದು ಕಟ್ಟಿದರು. ಅಂತೂ ಆ ಬೆಳಗ್ಗೆ ಹೊರಟವರ ಪೈಕಿ ಯಾರ ಸಹಾಯವೂ ಇಲ್ಲದೆ ಸರಿಯಾದ ವಿಮಾನ ನಿಲ್ದಾಣ ತಲುಪಿದ್ದು ಕೋಣವೊಂದೇ. ಗುರುತು ಸಿಕ್ಕಿದ ಕೋಣವನ್ನು ನಾಟಿ ಮುಗಿಯುವ ತನಕ ಮುನ್ಸಿಪಾಲಿಟಿಯ ದೊಡ್ಡಿಯಲ್ಲಿ ಕೂಡಿಹಾಕುತ್ತಾರಂತೆ. ನಾಟಿ ಮುಗಿದ ಮೇಲೆ ಸಿಗುವ ಕೋಣದಿಂದ ಯಾರಿಗೆ ಏನು ಪ್ರಯೋಜನ?

ಫೋನು ಕುಂಯ್ಗುಟ್ಟಿತು. ಕ್ರಿಸ್‌ಮೇಯ ಸಂದೇಶ. 'ಶುಭೋದಯ ಸರ್. ನೀವು ಏನು ಹೇಳಿದ್ರೂ ನಾನೂ ಅದನ್ನೇ ಹೇಳ್ತೀನಿ ಸರ್.' ಹಿಂದೆಯೇ ಇನ್ನೊಂದು. 'ಏನು ಹೇಳ್ತೀರಿ ಸರ್?'

ಬೈಕಿಗೆ ಪಕ್ಕದ ಗೂಡು ಜೋಡಿಸಿದ ಬಾಡಿಗೆ ಟ್ರೈಸಿಕಲ್ಲಿನ ಮನೋಲಿಂಗ್ ಗೇಟಿನ ಮುಂದೆಯೇ ನಿಂತಿದ್ದ, ಯಾರೂ ಕರೆದಿರದಿದ್ದರೂ. ಬಾಲ್ಯದಲ್ಲಿ ದುಲೋನ ಪಕ್ಕದ ಬೆಂಚಿನವನು. ಹಲ್ಲು ಎರಡು ಉದುರಿದ ಮೇಲೆ ನಗುವುದು ಜಾಸ್ತಿ ಮಾಡಿದ್ದ. ದುಲೋ ಬಗ್ಗಿ ಒಳಗೆ ತೂರಿಕೊಂಡ. ಎಂಜಿನ್ ಶುರುಮಾಡುವ ಮುಂಚೆ ಮನೋಲಿಂಗ್ ಕತ್ತು ತಿರುಗಿಸಿದ.

"ಎಲ್ಲಿಗೆ ಕ್ಯಾಪ್? ಹಳೇ ಚಾವಡಿಗೋ ಹೊಸ ಚಾವಡಿಗೋ?"

"ಇರೋದು ಒಂದೇ ಅಲ್ಲವೇನೋ?"

"ಹೌದಲ್ಲ, ಒಂದೇ. ಸುಮ್ನೆ ಕೇಳ್ದೆ. ಕೇಳ್ಕೊಂಡ್ಬಿಟ್ರೆ ಒಳ್ಳೇದು ನೋಡು."

ದಾರಿಯುದ್ದಕ್ಕೂ ದುಲೋ ಆ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಹಲ್ಲಿಲ್ಲದವನ ಬಾಯಲ್ಲಿ ಎಲ್ಲ ಮಾತೂ ಕುಚೋದ್ಯದಂತೆಯೇ ಕೇಳುತ್ತದೆ. ಹಳೆಯ ನಿಲ್ದಾಣದ ಗೋಡೆ ಎಡಕ್ಕೆ ಬಂತು, ಬಿರುಕಿನಲ್ಲಿ ಬೆಳೆದ ಆಲದ ಸಸಿ, ಗೋಡೆಯಾಚೆ ಒಣಗುತ್ತಿದ್ದ ಭತ್ತದ ಬೆಚ್ಚನೆಯ ಧೂಳುವಾಸನೆ. ಅವನು ಮೂಗು ಮುಚ್ಚಲಿಲ್ಲ, ಮುಖ ತಿರುಗಿಸಿದ. ವಿಮಾನಗಳಿದ್ದ ಕಾಲದಲ್ಲೇ ದಿನಕ್ಕೆ ಎರಡು ಮಾತ್ರ. ಒಂದು ಹೋಗಿ ಇನ್ನೊಂದು ಬರುವ ನಡುವೆ ಕಾವಲುಗಾರ ಬೇರೆ ಕಡೆ ನೋಡುತ್ತಿದ್ದ, ಜನ ಕಾಂಕ್ರೀಟಿನ ಮೇಲೆ ಭತ್ತ ಹರಡುತ್ತಿದ್ದರು. ಅವನ ಸೀಟಿ ಕೇಳಿದರೆ ಚಾಪೆ ಸಮೇತ ಎಳೆದುಕೊಂಡು ಓಡಬೇಕು. ಆರು ವರ್ಷದ ದುಲೋ ಬರಿಗಾಲು ಎಳೆಯುತ್ತ ಭತ್ತ ತಿರುವುತ್ತಿದ್ದರೆ ಅಪ್ಪ ಹಿಂದಿನಿಂದ, ಗೆರೆ ನೆಟ್ಟಗಿರಲಿ, ಗೆರೆ ನೆಟ್ಟಗಿರಲಿ ಎನ್ನುತ್ತಿದ್ದರು. ಕಾಲ್ಬೆರಳ ಸಂದಿಯಲ್ಲಿ ಕಾಳಿನ ಕಚಗುಳಿ. ನೇರವಾಗಿ ಹೋಗುವುದನ್ನು ಅವನು ಕಲಿತದ್ದು ವಿಮಾನದಲ್ಲಲ್ಲ. ಅದಕ್ಕೇ ನಿನ್ನೆ ಆ ಗೆರೆ ಕಂಡಾಗ ಎದೆ, ಇದೇ, ಇದೇ ಎಂದಿತ್ತು. ಇದನ್ನು ವಿಚಾರಣೆಯ ಅಧಿಕಾರಿಗಳಿಗೆ ಯಾವ ಭಾಷೆಯಲ್ಲಿ ಹೇಳುವುದು? ಸ್ವಾಮಿ, ನನ್ನ ಕಾಲ್ಬೆರಳಿಗೆ ನೆನಪಾಯಿತು ಎಂದೇ?

ಚಾವಡಿಯ ಮುಂದೆ ಮಾವಿನ ಮರದ ಕೆಳಗೆ ಮೂರು ಕೋಣಗಳನ್ನು ಸಾಲಾಗಿ ಕಟ್ಟಿದ್ದರು. ಸಾಲೆಂದರೆ ಸಾಲು, ಶಾಲೆಯ ಪ್ರಾರ್ಥನೆಗೆ ನಿಲ್ಲಿಸಿದಂತೆ. ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಇಪ್ಪತ್ತು ಮೂವತ್ತು ಜನ, ನಡುವೆ ಬಾಳೆಎಲೆಯಲ್ಲಿ ಸುತ್ತಿದ ಅಂಟಕ್ಕಿ ಕಡುಬಿನ ಬುಟ್ಟಿ, ಯಾರದೋ ಮದುವೆ ನಿಶ್ಚಯದ ಕಳೆ. ಮೇಜಿನ ಹಿಂದೆ ಕ್ಯಾಪ್ ಹೆರ್ಮೊಹೆನಾ, ಅಗಲವಾದ ಹೆಂಗಸು, ಕೈಯಲ್ಲಿ ಬೀಸಣಿಗೆ. ಪಕ್ಕದಲ್ಲಿ ಹೊಸ ನಿಲ್ದಾಣದ ಭದ್ರತಾ ಮುಖ್ಯಸ್ಥ ಬಾಲ್ದೊಮೆರೊ. ಬೇರೆ ದ್ವೀಪದಿಂದ ಆರು ತಿಂಗಳ ಕೆಳಗೆ ಬಂದವನು, ಇಸ್ತ್ರಿಯ ಗೆರೆಯಲ್ಲೇ ಹುಟ್ಟಿದಂಥ ಸಮವಸ್ತ್ರ, ಮುಂದೆ ಒಂದು ಫೈಲು, ಫೈಲಿನಲ್ಲಿ ಗೊರಸಿನ ಗುರುತಿನ ಫೋಟೋಗಳು, ಪ್ರತಿ ಫೋಟೋದಲ್ಲೂ ಅಳತೆಗೆಂದು ಇಟ್ಟ ಬಾಲ್‌ಪೆನ್ನು.

"ಬನ್ನಿ ಕ್ಯಾಪ್," ಎಂದಳು ಹೆರ್ಮೊಹೆನಾ.

"ಬಂದೆ ಕ್ಯಾಪ್," ಎಂದ ದುಲೋ.

"ಸಾಕ್ಷಿ ಬಂದಿದ್ದಾರೆ ಅಂತ ಬರ್ಕೊಳ್ಳಿ," ಎಂದ ಬಾಲ್ದೊಮೆರೊ ತನಗೆ ತಾನೇ, ಬರೆದುಕೊಂಡ. "ಕ್ಯಾಪ್ಟನ್, ಅವಸರ ಇಲ್ಲ. ನಿಧಾನಕ್ಕೆ ನೋಡಿ. ಪ್ರಾಣಿಗಳಿಗೆ ನೀವ್ಯಾರು ಅಂತ ಹೇಳಿಲ್ಲ. ಧೈರ್ಯವಾಗಿ ಹೇಳ್ಬಹುದು."

ಎಡಗಡೆಯ ಕೋಣ ಎಳೆಯದು, ನೊಣ ಹಾರಿಸುವುದರಲ್ಲಿ ಮುಳುಗಿತ್ತು. ಬಲಗಡೆಯದಕ್ಕೆ ಗರ್ಭಿಣಿಯಂಥ ಹೊಟ್ಟೆ. ನಡುವಿನದಕ್ಕೆ ಒಂದು ಕೊಂಬು ಆಕಾಶಕ್ಕೆ, ಇನ್ನೊಂದು ಭೂಮಿಗೆ. ಅದರ ಮೂಗುದಾರ ಹಿಡಿದು ನಿಂತಿದ್ದವರು ನೋಂಗ್ ಪಿದ್ಯೊಂಗ್, ನೋಂಗ್ ಎಂದರೆ ಅಣ್ಣ, ಊರಿಗೆಲ್ಲ ಅಣ್ಣನಾದ ಎಪ್ಪತ್ತರ ಮುದುಕ, ತಲೆಯ ಮೇಲೆ ನಿನ್ನೆ ಮೇಲಿನಿಂದ ಕಂಡ ಅದೇ ಟೋಪಿ. ಆ ಟೋಪಿ ಮೇಲೆ ನೋಡಿತ್ತು. ಟೋಪಿಯ ಕೆಳಗೆ ಕಣ್ಣುಗಳು ಇದ್ದೇ ಇರುತ್ತವೆ ಎಂಬ ಸಂಗತಿ ದುಲೋನಿಗೆ ಈಗ, ನೆಲದ ಮೇಲೆ, ಅದೇ ಎತ್ತರದಲ್ಲಿ ನಿಂತಾಗ, ಮೊದಲ ಬಾರಿಗೆ ಹೊಳೆಯಿತು. ಮುದುಕರು ಅವನನ್ನು ನೋಡಿ ನಕ್ಕರು. ಮದುವೆಮನೆಯಲ್ಲಿ ಎಲೆಗೆ ಉಪ್ಪು ಬಡಿಸುವುದು ಮರೆತವನನ್ನು ನೋಡಿ ನಗುವ ಹಾಗೆ, ಇರಲಿ ಬಿಡಪ್ಪ ಎಂಬಂತೆ.

"ಇದರ ಹೆಸರೇನು ನೋಂಗ್?" ದುಲೋ ಏನಾದರೂ ಕೇಳಬೇಕಲ್ಲ ಎಂದು ಕೇಳಿದ.

"ಕರ್ನಲ್ ಅಂತ ಕರೀತೀವಿ."

"ಕ್ಯಾಪ್ಟನ್ನು ಕರ್ನಲ್ ಮೇಲೆ ಸಾಕ್ಷಿ ಹೇಳೋದು," ಎಂದ ಹಿಂದಿನ ಸಾಲಿನಿಂದ ಮನೋಲಿಂಗ್. "ಮಿಲಿಟ್ರೀಲಾದ್ರೆ ಗುಂಡಿಕ್ತಿದ್ರು."

ಜನ ನಕ್ಕರು. ಬಾಲ್ದೊಮೆರೊ ತಲೆಯೆತ್ತಿ, ಯಾರು ನಕ್ಕರೆಂದು ಬರೆದುಕೊಳ್ಳಬೇಕೇ ಎಂದು ಯೋಚಿಸಿ, ಬಿಟ್ಟ. ಅದೇ ಹೊತ್ತಿಗೆ ಹೆರ್ಮೊಹೆನಾ ಎದ್ದಳು. ಬೀಸಣಿಗೆ ಬೀಸುತ್ತ, ಕಾಲು ಜೋಮು ಹಿಡಿದವಳಂತೆ ಕರ್ನಲ್ಲಿನ ಹಿಂಬದಿಗೆ ನಡೆದು, ಭದ್ರತಾ ಮುಖ್ಯಸ್ಥ ಫೈಲಿನ ಹಾಳೆ ತಿರುವುತ್ತಿದ್ದಾಗ, ನದಿ ಈಜಿದರೂ ಕೋಣದ ಬೆನ್ನಿಗೆ ಅಂಟಿಕೊಂಡೇ ಇದ್ದ ಗಟ್ಟಿ ಕೆಸರನ್ನು ಬೀಸಣಿಗೆಯ ತುದಿಯಿಂದ ಎರಡು ಸಲ ಮೆಲ್ಲಗೆ ಗೀರಿದಳು. ಏನೋ ಉದುರಿತು. ಹತ್ತಿಪ್ಪತ್ತು ಕಾಳು ಭತ್ತ, ಈಚೆ ದಡದ ರನ್‌ವೇಯದು. ಅವಳು ಅದರ ಮೇಲೆ ಚಪ್ಪಲಿ ಇಟ್ಟು ನಿಂತು ಮಾವಿನ ಮರವನ್ನು ನೋಡತೊಡಗಿದಳು. ಮೊದಲ ಸಾಲಿನವರು ಮಾವಿನ ಮರವನ್ನು ನೋಡಿದರು. ಎರಡನೆಯ ಸಾಲಿನವರೂ. ಮರದಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಹೂವೂ ಬಿಟ್ಟಿರಲಿಲ್ಲ. ಮೂವತ್ತು ಜನ ತಲೆಯೆತ್ತಿ ಮರ ನೋಡುತ್ತಿದ್ದ ಆ ಕ್ಷಣದಲ್ಲಿ ದುಲೋನಿಗೆ ಮೂವತ್ತು ಟೋಪಿಗಳು ಕಂಡವು, ನಿನ್ನೆ ಮುನ್ನೂರು ಅಡಿಯಿಂದ ಕಣ್ಣಿಗೆ ಬಿದ್ದೂ ಮನಸ್ಸಿಗೆ ಬೀಳದ ಮೂವತ್ತು ಟೋಪಿಗಳು, ಹೀಗೆಯೇ ಮೇಲೆತ್ತಿದ ಗಲ್ಲಗಳು. ಇವರೆಲ್ಲ ಅಲ್ಲಿದ್ದರು. ಅರ್ಧ ಊರೇ ಅಲ್ಲಿತ್ತು. ಹಳೆ ಚಾವಡಿಗೋ ಹೊಸ ಚಾವಡಿಗೋ. ಎರಡು ಸಲ ನೋಡಿ ಹೇಳು. ಕೆಮ್ಮಿದ ಪಾದ್ರಿ. ಅವನು ಒಬ್ಬನೇ ಕೂತು ಕಾಯುತ್ತಿದ್ದ ಗುಟ್ಟನ್ನು ಊರು ಅವನಿಗಿಂತ ಜೋಪಾನವಾಗಿ, ಅವನಿಗೂ ಗೊತ್ತಾಗದಂತೆ, ಕಾಯುತ್ತಿತ್ತು. ನಾಚಿಕೆ ಎಂದರೆ ಕಿವಿ ಬಿಸಿಯಾಗುವುದು ಎಂದು ಅವನು ಈವರೆಗೆ ತಿಳಿದಿದ್ದ. ಇದು ಬೇರೆ. ತನ್ನ ಪ್ಯಾಂಟಿನ ಜಿಪ್ಪು ತೆರೆದಿದ್ದುದನ್ನು ನೋಡಿಯೂ, ತನಗೆ ಮುಜುಗರವಾಗದಿರಲೆಂದು ಇಡೀ ಮೆರವಣಿಗೆ ಆಕಾಶ ನೋಡುತ್ತ ನಡೆದ ಹಾಗೆ.

"ಕ್ಯಾಪ್ಟನ್," ಎಂದ ಬಾಲ್ದೊಮೆರೊ, "ಯಾವುದು?"

"ಹೇಳೋದು ಕಷ್ಟ," ಎಂದ ದುಲೋ. ಆ ಮಾತು ಅವನ ಸ್ವಂತ ದನಿಯಲ್ಲಿ ಬಂತು, ತೆಳ್ಳಗೆ, ಬಹಳ ದಿನದಿಂದ ಉಪಯೋಗಿಸದ ನಲ್ಲಿಯ ನೀರಿನ ಹಾಗೆ. "ಮೇಲಿಂದ ಎಲ್ಲಾ ಒಂದೇ ಥರ ಕಾಣ್ತವೆ."

"ಹಾಗಾದ್ರೆ ನಿಯಮದ ಪ್ರಕಾರ ಮೂರನ್ನೂ ದೊಡ್ಡಿಗೆ ಕಳಿಸ್ಬೇಕಾಗತ್ತೆ."

ಎಳೆಯ ಕೋಣದ ಒಡತಿ ಕಡುಬು ಅಗಿಯುವುದನ್ನು ನಿಲ್ಲಿಸಿದಳು. ಆಗ ನೋಂಗ್ ಪಿದ್ಯೊಂಗ್ ಟೋಪಿ ತೆಗೆದರು.

"ನಮ್ಮದೇ ಇರ್ಬೇಕು ಸರ್. ಬರ್ಕೊಳ್ಳಿ. ಇದಕ್ಕೆ ಕಂಡಲ್ಲಿ ಮಲಗೋ ಚಾಳಿ. ಆ ಎರಡೂ ಪಾಪ, ಅವುಕ್ಕೆ ರನ್‌ವೇ ಅಂದ್ರೇನು ಅಂತ್ಲೂ ಗೊತ್ತಿಲ್ಲ."

"ನೋಂಗ್, ನಿಮ್ಮ ನಾಟಿ?" ಎಂದ ದುಲೋ.

"ನಾಟಿ ಏನಪ್ಪ, ಆಗತ್ತೆ. ಗುದ್ದಲಿ ಇದೆ." ಮುದುಕರು ದನಿ ಇಳಿಸಿದರು. "ನೀನು ಸುಮ್ನಿರು ತೋತೋ. ದೊಡ್ಡ ಕೆಲಸ ನಿಂದು."

ತೋತೋ. ಹತ್ತು ವರ್ಷದ ಕೆಳಗೆ ಅಮ್ಮ ತೀರಿಕೊಂಡ ಮೇಲೆ ಯಾರೂ ಅವನನ್ನು ಮಗು ಎಂದು ಕರೆದಿರಲಿಲ್ಲ. ಕ್ಯಾಪ್ ಎಂದಿದ್ದರೆ ಬಾಯಿ ಮುಚ್ಚಿಕೊಂಡು ನಿಲ್ಲಬಹುದಿತ್ತು. ಗುದ್ದಲಿ ಇದೆ ಎಂಬುದನ್ನೂ ನುಂಗಬಹುದಿತ್ತೇನೋ. ಮನುಷ್ಯ ಏನನ್ನೆಲ್ಲ ನುಂಗುತ್ತಾನೆ. ಅವನು ಬಾಯಿ ತೆರೆದ. ಸ್ವಂತ ದನಿ ಬರಲಿಲ್ಲ. ಎರಡನೆಯ ಸಲ ತೆರೆದ. ಬಂದದ್ದು ಇನ್ನೊಂದು, ಹೊಟ್ಟೆಯಾಳದಿಂದ, ಮೂಗಿನಲ್ಲಿ ಜೇನು ಸವರಿಕೊಂಡು.

"ಮಾ...ನ್ಯ ಗ್ರಾಮಸ್ಥರೇ, ನಿಮ್ಮ ಕ್ಯಾಪ್ಟನ್ ಮಾತಾಡುತ್ತಿರುವುದು. ಈಗ ಸಮಯ ಒಂಬತ್ತು ಗಂಟೆ ನಲವತ್ತು ನಿಮಿಷ. ಹೊರಗಿನ ಉಷ್ಣಾಂಶ ಮೂವತ್ತಮೂರು ಡಿಗ್ರಿ. ನಿಮ್ಮ ಎದುರಿಗೆ ನೀವು ಮೂರು ಕೋಣಗಳನ್ನು ಕಾಣಬಹುದು. ಇವುಗಳಲ್ಲಿ ನಡುವಿನ ಕೋಣವು ನಿನ್ನೆ ರನ್‌ವೇ ಮೇಲೆ ಮಲಗಿದ್ದು ನಿಜ. ಆ ರನ್‌ವೇ ನದಿಯ ಈಚೆ ದಡದ್ದು. ಅಲ್ಲಿ ಕೋಣ ಇರಬಹುದಾಗಿತ್ತು. ವಿಮಾನ ಇರಬಾರದಾಗಿತ್ತು." ಇಲ್ಲಿ ಅವನು ಅಭ್ಯಾಸಬಲದಿಂದ ಇಂಗ್ಲಿಷಿನಲ್ಲಿ ಅದನ್ನೇ ಮತ್ತೆ ಹೇಳಲು ಹೊರಟು, ತಡೆದುಕೊಂಡ. "ನನ್ನ ಕೋಪೈಲಟ್ ಎರಡು ಸಲ ಎಚ್ಚರಿಸಿದರು. ಕ್ಯಾಪ್ಟನ್ ಅದನ್ನು ನದಿಯ ವರ್ಣನೆ ಎಂದುಕೊಂಡರು. ಕೋಣವು ತಲೆಯೆತ್ತಿದ್ದರಿಂದ ಎಪ್ಪತ್ತೆರಡು ಜನ ಬದುಕಿದರು, ಭತ್ತವೂ ಉಳಿಯಿತು. ಸ್ವಲ್ಪ ಹಾರಿತು. ವರದಿಯಲ್ಲಿ ಬರೆದದ್ದನ್ನು ನಾನು ಇಂದು ತಿದ್ದುತ್ತೇನೆ. ಅನಾನುಕೂಲಕ್ಕೆ..." ಅಷ್ಟರಲ್ಲಿ ಜೇನು ಮುಗಿಯಿತು. "ತಪ್ಪಾಯ್ತು, ನೋಂಗ್," ಎಂದ, ತೆಳ್ಳನೆಯ ದನಿಯಲ್ಲಿ.

ಯಾರೋ ಒಬ್ಬರು, ವಿಮಾನ ಇಳಿದಾಗ ಮಾಡುವಂತೆ, ಚಪ್ಪಾಳೆ ತಟ್ಟಿದರು, ಉಳಿದವರು ಸೇರಿಕೊಳ್ಳಲಿಲ್ಲವೆಂದು ನಿಲ್ಲಿಸಿದರು.

ಬಾಲ್ದೊಮೆರೊ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿದ. "ಅಂದ್ರೆ ಹೊಸ ರನ್‌ವೇ ಮೇಲೆ ಕೋಣ ಬರ್ಲೇ ಇಲ್ಲ?"

"ಇಲ್ಲ."

"ನಾನು ಬೇಲೀನ ಮೂರು ಸಲ ಅಳೆಸಿದೀನಿ." ಅವನ ದನಿಯಲ್ಲಿ ದೂರಿಗಿಂತ ದುಃಖವಿತ್ತು. "ಕಲಂ ಏಳು, ಪ್ರಾಣಿ ಒಳನುಗ್ಗಿದ ಸ್ಥಳ. ಇಲ್ಲೇನು ಬರೀಲಿ?"

"ವಿಮಾನ ಒಳನುಗ್ಗಿದ ಸ್ಥಳ ಅಂತ ತಿದ್ದಿ," ಎಂದಳು ಹೆರ್ಮೊಹೆನಾ, ಚಪ್ಪಲಿ ಎತ್ತಿ ಕಾಳುಗಳನ್ನು ಬಿಡುಗಡೆ ಮಾಡುತ್ತ. "ನನ್ನ ಟೋಪಿ ಹಾರಿ ನದಿಗೆ ಬಿತ್ತು, ಅದನ್ನೂ ಸೇರಿಸಿ. ನಾವೆಲ್ಲ ಅಲ್ಲೇ ಇದ್ವಿ ಕ್ಯಾಪ್. ನೀವಾಗೇ ಹೇಳ್ಲಿ ಅಂತ ಕಾಯ್ತಿದ್ವಿ. ನಾವಾಗಿ ಹೇಳೋದು ಚೆನ್ನಾಗಿರಲ್ಲ."

"ಅಲ್ಲಿ ಭತ್ತ ಒಣಹಾಕಬಾರದು ಅಂತ ಬೋರ್ಡಿದೆಯಲ್ಲ?" ಎಂದ ಬಾಲ್ದೊಮೆರೊ, ಎಲ್ಲಾದರೂ ಒಂದು ನಿಯಮ ನೆಟ್ಟಗಿರಲಿ ಎಂಬ ಆಸೆಯಿಂದ.

"ನಾನೇ ಬರೆಸಿದ್ದು. ಒಳ್ಳೇ ತಗಡು ಅದು. ಮಲಗಿಸಿ ಅದರ ಮೇಲೂ ಒಂದಿಷ್ಟು ಒಣಹಾಕಿದೀನಿ. ಕಡುಬು ತಗೊಳ್ಳಿ ಚೀಫ್."

ಹನ್ನೆರಡರೊಳಗೆ ದುಲೋ ಕಂಪನಿಗೆ ಫೋನು ಮಾಡಿ ಮುಗಿಸಿದ್ದ. ಆ ಕಡೆಯವರು ವಿಚಾರಣೆ ಮುಗಿಯುವ ತನಕ ಹಾರಬೇಡಿ ಎಂದರು. ಪರೀಕ್ಷಕನ ಹುದ್ದೆಯ ಮಾತು ಅವರೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಲಿಟಾಳಿಗೆ ಹೇಳಿದರೆ ಅವಳು, ನಂಗೆ ನಿನ್ನೆ ಮಧ್ಯಾಹ್ನ ಬೇಕರಿಯವಳೇ ಹೇಳಿದ್ಲು, ಸೂಟಿನ ಬಟ್ಟೆ ವಾಪಸ್ಸು ತಗೋತಾರಂತೆ ಎಂದು ಹೇಳಿ, ಅವನ ಕೈಗೆ ಹಳೆಯ ಹುಲ್ಲಿನ ಟೋಪಿ ಕೊಟ್ಟು ಕಳಿಸಿದಳು. ಕ್ರಿಸ್‌ಮೇ ಬರೆದಿದ್ದಳು: 'ಥ್ಯಾಂಕ್ಯೂ ಸರ್. ನಾನೂ ತಿದ್ದಿ ಕಳಿಸಿದೆ ಸರ್. ನದಿ ನಿಜವಾಗ್ಲೂ ಚೆನ್ನಾಗಿತ್ತು ಸರ್.' ಮುಂದಿನ ಸಲ ನದಿ ಎನ್ನಬೇಡ, ಕ್ಯಾಪ್ಟನ್ ಕುರುಡಾ ಎಂದು ಕೇಳು ಎಂದು ಅವನು ಉತ್ತರ ಬರೆದ. 'ಆಯ್ತು ಸರ್. ಕ್ಯಾಪ್ಟನ್ ಕುರುಡಾ ಸರ್?' ಎಂದು ಬಂತು, ಅಭ್ಯಾಸಕ್ಕೋ ಪ್ರಶ್ನೆಗೋ ತಿಳಿಯದಂತೆ.

ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ದುಲೋ ಹಳೆಯ ರನ್‌ವೇ ಮೇಲೆ ಬರಿಗಾಲಲ್ಲಿ ನಿಂತಿದ್ದ. ಎಂಜಿನ್ನಿನ ಗಾಳಿಗೆ ಹಾರಿ ಹುಲ್ಲಿಗೆ ಬಿದ್ದಿದ್ದ ಭತ್ತವನ್ನು ಗುಡಿಸಿ, ಮರದ ಗೋರೆಯಲ್ಲಿ ಎಳೆದು, ಹರಡಿ, ಈಗ ತಿರುವುವ ಕೆಲಸ ಬಾಕಿ. ಕಾಲನ್ನು ಕಾಳಿನೊಳಗೆ ತೂರಿಸಿ ಎ​ಳೆದ. ಬೆರಳ ಸಂದಿಯಲ್ಲಿ ಕಚಗುಳಿ. ಕೆಳಗೆ ಕಾಂಕ್ರೀಟು ಬೆಚ್ಚಗಿತ್ತು, ಅಲ್ಲಲ್ಲಿ ಟೈರಿನ ಹಳೆಯ ಕಪ್ಪು ಕಲೆ. ಅದರಲ್ಲಿ ಕೆಲವು ಅವನವೇ ಇರಬೇಕು. ಇಲ್ಲಿಂದ ನೋಡಿದರೆ ರನ್‌ವೇ ಎಷ್ಟು ಅಗಲ, ಎಷ್ಟು ಉದ್ದ. ಇಷ್ಟು ದೊಡ್ಡದರಲ್ಲಿ ತಪ್ಪು ಹುಡುಕುವುದೇ ಕಷ್ಟ. ಹಿಂದಿನಿಂದ ನೋಂಗ್ ಪಿದ್ಯೊಂಗ್, ಮೂಗುದಾರ ಹಿಡಿದು ಕರ್ನಲ್ಲನ್ನು ನಡೆಸುತ್ತ, "ಸೊಟ್ಟ ಹೋಗ್ತಿದೀಯ, ತೋತೋ," ಎಂದರು.

"ಗಾಳಿ ಎಡದಿಂದ ಬೀಸ್ತಿದೆ ನೋಂಗ್."

"ಭತ್ತಕ್ಕೆ ಗಾಳಿ ಲೆಕ್ಕ ಇಲ್ಲ."

ದಕ್ಷಿಣದಲ್ಲಿ ಗುಂಯ್ ಎಂಬ ಸದ್ದು ಹುಟ್ಟಿತು. ಮೂರೂಕಾಲರ ವಿಮಾನ. ರನ್‌ವೇ ಉದ್ದಕ್ಕೂ ಗೋರೆಗಳು ನಿಂತವು. ಹೆರ್ಮೊಹೆನಾ ಬೋರ್ಡಿನ ಮೇಲಿದ್ದ ತನ್ನ ಭತ್ತವನ್ನು ಚೀಲಕ್ಕೆ ಸುರಿದುಕೊಂಡಳು. ಮನೋಲಿಂಗ್ ಟ್ರೈಸಿಕಲ್ಲನ್ನು ಹುಲ್ಲಿಗೆ ಇಳಿಸಿದ. ನೋಂಗ್ ಪಿದ್ಯೊಂಗ್ ಕರ್ನಲ್ಲನ್ನು ನಡುವಿನಿಂದ ಪಕ್ಕಕ್ಕೆ ಎಳೆದುಕೊಂಡರು. ಮೂವತ್ತು ಟೋಪಿಗಳು ಮೇಲೆದ್ದವು, ಮೂವತ್ತೊಂದನೆಯದು ದುಲೋನದು. ಆಮೇಲೆ ಎಲ್ಲರೂ ಆಕಾಶ ಬಿಟ್ಟು ಅವನನ್ನು ನೋಡಿದರು.

"ಇದು ಎಲ್ಲಿಗೆ ಕ್ಯಾಪ್?" ಎಂದಳು ಹೆರ್ಮೊಹೆನಾ.

ದುಲೋ ಹಣೆಗೆ ಕೈ ಅಡ್ಡ ಹಿಡಿದ. ಮೋಡದ ಅಂಚಿನಿಂದ ಬೆಳ್ಳಿಯ ಒಂದು ಚುಕ್ಕಿ ಇಳಿಯುತ್ತಿತ್ತು, ಎರಡು ರೆಕ್ಕೆ ಸಮವಾಗಿ, ಯಾರದೋ ಕೈ ಸರಿಯಾಗಿ. ಅವನು ನೋಡಿದ. ಇನ್ನೊಮ್ಮೆ ನೋಡಿದ.

"ಆಚೆಗೆ," ಎಂದ.

ವಿಮಾನ ನದಿಯನ್ನು ಎಡಕ್ಕಿಟ್ಟುಕೊಂಡು ಬಾಳೆತೋಟಗಳ ಹಿಂದೆ ತಗ್ಗಿ ಮರೆಯಾಯಿತು. ಜನ ಇನ್ನೂ ಒಂದು ಗಳಿಗೆ ಕಾದರು, ಮನಸ್ಸು ಬದಲಾಯಿಸಿ ಬಂದರೂ ಬರಬಹುದೆಂಬಂತೆ. ಬರಲಿಲ್ಲವೆಂದು ಖಾತ್ರಿಯಾದ ಮೇಲೆ, ಸಿನಿಮಾದ ಟಿಕೇಟು ಸಿಗದವರ ಮುಖ ಮಾಡಿಕೊಂಡು ಗೋರೆಗಳನ್ನು ಎತ್ತಿಕೊಂಡರು. ದುಲೋ ನಿಂತಲ್ಲಿಂದ ಕಾಲು ಎಳೆಯಲು ಶುರುಮಾಡಿದ. ತಿರುಗಿ ನೋಡಿದರೆ ಅವನ ಗೆರೆ ಮೊದಲು ಬಲಕ್ಕೆ, ಆಮೇಲೆ ನಾಚಿಕೊಂಡು ಎಡಕ್ಕೆ ಬಾಗಿತ್ತು. ಕರ್ನಲ್ ಮೂಗುದಾರ ಬಿಡಿಸಿಕೊಂಡು, ಭತ್ತದ ನಡುವೆ ನಿಧಾನವಾಗಿ ನಡೆದು, ಮಾಸಿದ ಬಿಳಿ ಬಣ್ಣದ ನಡುಗೆರೆಯ ಮೇಲೆ ಉತ್ತರಕ್ಕೆ ಮೂಗುಮಾಡಿ, ಒಂದಂಗುಲವೂ ಆಚೀಚೆಯಾಗದಂತೆ ಮೆಲ್ಲಗೆ ಇಳಿದು ಮಲಗಿತು.